ನೆಗಡಿಗೆ ಮೂಗು ಕೊಯ್ಯುವ ರಿಪೇರಿ

“ಅಣ್ಣಾ, ಆ ಡಬ್ಬಿ ಕಿತ್ತಾಕ್ಸಿ, ಖಾಲಿ ಪೈಪ್ ಹಾಕ್ಸಿ. ಆಮೇಲೆ ನೋಡಿ ಗಾಡಿ ಹೆಂಗೆ ಓಡುತ್ತೆ ಅಂತ.”

ಸೂಲಿಬೆಲೆ ಸೀಮೆಯಲ್ಲಿ ಹಳೆ ಪಿಕಪ್ಪೋ ಐಷರ್ರೋ ಇಟ್ಟುಕೊಂಡವರಲ್ಲಿ ಈ ಸಲಹೆ ಕಿವಿಗೆ ಬೀಳದವರು ಕಡಿಮೆ. ಲೋಡ್ ಹಾಕಿದಾಗ ಏರಿನಲ್ಲಿ ಎಳೀತಿಲ್ಲ ಅಂದರೆ ಮೊದಲ ಮದ್ದೇ ಇದು. ಗೇಜ್ ಹಾಕಿ ನೋಡಿದ್ದಾರಾ? ಇಲ್ಲ. ಏರ್ ಫಿಲ್ಟರ್ ಬಿಚ್ಚಿದ್ದಾರಾ? ಇಲ್ಲ. ನೇರ ಗ್ಯಾಸ್ ಕಟರ್ ಹಿಡಿಯೋದು. ನೆಗಡಿ ಬಂತು ಅಂತ ಮೂಗು ಕೊಯ್ಯೋದು ಅಂದರೆ ಇದೇ. ಇದನ್ನ ರಿಪೇರಿ ಅಂತ ಕರೆಯೋದನ್ನ ನಿಲ್ಲಿಸಬೇಕು ಅನ್ನೋದೇ ಈ ಬರಹದ ತಗಾದೆ.

ಮೊದಲು ಆ ಡಬ್ಬಿ ಏನು ಅಂತ ನೋಡೋಣ. ಅದರ ಹೆಸರು ಕ್ಯಾಟಲಿಟಿಕ್ ಕನ್ವರ್ಟರ್, ಎಲ್ಲರ ಬಾಯಲ್ಲಿ ‘ಕ್ಯಾಟ್’. ಒಳಗೆ ಜೇನುಗೂಡಿನಂಥ ಸಣ್ಣ ಸಣ್ಣ ಕಿಂಡಿಗಳಿವೆ. ಕಿಂಡಿಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂನಂಥ ದುಬಾರಿ ಲೋಹದ ತೆಳು ಲೇಪ. ಬಿಸಿ ಹೊಗೆ ಅದರ ಮೇಲೆ ಹಾದು ಹೋಗುವಾಗ ಕಾರ್ಬನ್ ಮಾನಾಕ್ಸೈಡ್ ಮತ್ತು ಅರೆಬೆಂದ ಇಂಧನ ಸುಟ್ಟು ಇಂಗಾಲದ ಡೈ ಆಕ್ಸೈಡ್, ನೀರಿನ ಆವಿ ಆಗುತ್ತೆ. ಅಷ್ಟೇ ಅದರ ಕೆಲಸ. ಆದರೆ ಅದು ಸುಡುವುದು ನಾವು ಉಸಿರಾಡುವ ವಿಷವನ್ನ.

ಒಂದು ಮಾತು ನೆನಪಿಡಿ. ತುಂಬಾ ಹಳೆಯ ಎಷ್ಟೋ ಡೀಸೆಲ್ ಲಾರಿಗಳಲ್ಲಿ ಕ್ಯಾಟ್ ಇರಲೇ ಇಲ್ಲ. ದೇಶಪೂರ್ತಿ ಬಿ.ಎಸ್.4 ಬಂದದ್ದು 2017ರ ಏಪ್ರಿಲ್ 1ಕ್ಕೆ, ಬಿ.ಎಸ್.6 ಬಂದದ್ದು 2020ರ ಏಪ್ರಿಲ್ 1ಕ್ಕೆ. ನಿಮ್ಮ ಗಾಡಿ ಯಾವ ಕಾಲದ್ದು, ಅದರಲ್ಲಿ ಕ್ಯಾಟ್ ಇದೆಯೋ ಇಲ್ಲವೋ ಅಂತ ಮೊದಲು ತಿಳಿದುಕೊಳ್ಳಿ. ಇಲ್ಲದ ಕ್ಯಾಟ್ ‘ಬ್ಲಾಕ್ ಆಗಿದೆ’ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಗಾಡಿ ಎತ್ತಿಕೊಂಡು ಬನ್ನಿ.

ಈಗ ಕತ್ತರಿಸುವವರ ವಾದಕ್ಕೆ ಬರೋಣ. “ಕಟ್ ಮಾಡಿದ ಮೇಲೆ ಎಳೆತ ಬಂತಲ್ಲ?” ಬರುತ್ತೆ. ಕಟ್ಟಿಕೊಂಡ ಚರಂಡಿಯ ಕಲ್ಲು ಚಪ್ಪಡಿ ಕಿತ್ತರೂ ನೀರು ಹರಿಯುತ್ತೆ. ಕಸ ಎಲ್ಲಿಂದ ಬಂತು ಅನ್ನೋ ಪ್ರಶ್ನೆ ಹಾಗೇ ಉಳೀತು. ಕ್ಯಾಟ್ ತಾನಾಗಿ ಕಟ್ಟಿಕೊಳ್ಳೋದು ಅಪರೂಪ. ಅದನ್ನ ಕಟ್ಟಿಸುವುದು ಇಂಜಿನ್ನು. ಏರ್ ಫಿಲ್ಟರ್ ಧೂಳು ತುಂಬಿದ್ದರೆ, ಇಂಜೆಕ್ಟರ್ ತೊಟ್ಟಿಕ್ಕುತ್ತಿದ್ದರೆ, ಟರ್ಬೋದಿಂದ ಇಂಜಿನ್ನಿಗೆ ಗಾಳಿ ತರುವ ಹೋಸ್ ಸೀಳಿದ್ದರೆ, ಇ.ಜಿ.ಆರ್. ವಾಲ್ವ್ ಅಂಟಿಕೊಂಡಿದ್ದರೆ ಕಪ್ಪು ಹೊಗೆ ಬರುತ್ತೆ, ಆ ಮಸಿ ಕ್ಯಾಟಿನ ಮುಖಕ್ಕೆ ಕೂರುತ್ತೆ. ರಿಂಗ್ ಸವೆದು ಅಥವಾ ಟರ್ಬೋ ಸೀಲ್ ಹೋಗಿ ಆಯಿಲ್ ಸುಡುತ್ತಿದ್ದರೆ ನೀಲಿ ಹೊಗೆ, ಅದರ ಬೂದಿ ಕಿಂಡಿ ಮುಚ್ಚುತ್ತೆ. ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಒಳಗೆ ಇಳಿದರೆ ಬಿಳಿ ಹೊಗೆ, ಅದೂ ಲೇಪಕ್ಕೆ ಕೇಡು. ಕಲಬೆರಕೆ ಡೀಸೆಲ್ ಆದರಂತೂ ಕೇಳೋದೇ ಬೇಡ. ಬಿ.ಎಸ್.3 ಕಾಲದ ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ 350 ಪಾಲಿನವರೆಗೆ ಇರಬಹುದಿತ್ತು, ಬಿ.ಎಸ್.4ರಲ್ಲಿ ಅದು 50ಕ್ಕೆ, ಬಿ.ಎಸ್.6ರಲ್ಲಿ 10ಕ್ಕೆ ಇಳೀತು. ಗಂಧಕ ಲೇಪವನ್ನ ಮಂಕು ಮಾಡುತ್ತೆ ಅನ್ನೋದು ಈ ಇಳಿಕೆಗೆ ಒಂದು ದೊಡ್ಡ ಕಾರಣ.

ಅಂದರೆ ಕಟ್ಟಿದ ಕ್ಯಾಟು ಕಾಯಿಲೆಯ ಗುರುತು. ಗುರುತನ್ನ ಕಿತ್ತು ಎಸೆದರೆ ಕಾಯಿಲೆ ಇಂಜಿನ್ನಿನಲ್ಲೇ ಬೆಳೆಯುತ್ತೆ. ಇವತ್ತು ಉಳಿಸಿದ ದುಡ್ಡು ನಾಳೆ ಬೋರ್ ಕೆಲಸಕ್ಕೆ ಹೋಗುತ್ತೆ.

ಕ್ಯಾಟ್ ನಿಜಕ್ಕೂ ಕಟ್ಟಿದೆಯಾ ಅಂತ ತಿಳಿಯೋಕೆ ದೊಡ್ಡ ಯಂತ್ರ ಬೇಡ. ಕ್ಯಾಟಿನ ಹಿಂದೆಮುಂದೆ ಸೆನ್ಸರ್ ಕೂರುವ ತೂತುಗಳಿರುತ್ತವೆ. ಇಂಜಿನ್ ಕಡೆಯ ತೂತಿಗೆ ಬ್ಯಾಕ್ ಪ್ರೆಶರ್ ಗೇಜ್ ಹಾಕಿ. ಸಣ್ಣ ಪೆಟ್ರೋಲ್ ಗಾಡಿಗಳಲ್ಲಿ ಸುಮಾರು 2,500 ಆರ್.ಪಿ.ಎಂ.ಗೆ 3 ಪಿ.ಎಸ್.ಐ. ದಾಟಿದರೆ ಎಲ್ಲೋ ಅಡ್ಡಿ ಇದೆ ಅಂತ ಲೆಕ್ಕ. ಡೀಸೆಲ್‌ಗೆ ಆಯಾ ಕಂಪನಿ ಕೊಟ್ಟ ಮಿತಿ ನೋಡಬೇಕು. ಗೇಜ್ ಇಲ್ಲವಾ? ಇಂಜಿನ್ ತಣ್ಣಗಿರುವಾಗ ಕ್ಯಾಟಿನ ಮುಂಚಿನ ಫ್ಲೇಂಜ್ ಬೋಲ್ಟ್ ಸಡಿಲಿಸಿ, ಹೊಗೆಗೆ ಬೇರೆ ದಾರಿ ಕೊಟ್ಟು ಸ್ವಲ್ಪ ದೂರ ಓಡಿಸಿ. ಸದ್ದು ಜೋರಾಗುತ್ತೆ, ಆಗಲಿ. ಎಳೆತ ತಕ್ಷಣ ವಾಪಸ್ ಬಂದರೆ ಅಡ್ಡಿ ಅಲ್ಲಿಂದ ಹಿಂದಕ್ಕಿದೆ. ಬರದಿದ್ದರೆ ಕ್ಯಾಟ್ ನಿರಪರಾಧಿ, ಡೀಸೆಲ್ ಫಿಲ್ಟರ್, ಟರ್ಬೋ ಕಡೆ ನೋಡಿ. ತಣ್ಣಗಿರುವ ಡಬ್ಬಿಯನ್ನ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಒಳಗೆ ಗಲಗಲ ಅಂದರೆ ಜೇನುಗೂಡು ಒಡೆದಿದೆ, ಅದನ್ನ ಬದಲಾಯಿಸಲೇಬೇಕು. ಬರೀ ಮಸಿ ಕೂತಿದ್ದರೆ, ಮೂಲ ದೋಷ ಸರಿ ಮಾಡಿದ ಮೇಲೆ ಹೆದ್ದಾರಿಯಲ್ಲಿ ಲೋಡ್ ಹಾಕಿ ಒಂದು ದೂರದ ಓಟ ಓಡಿಸಿದರೆ ಆ ಬಿಸಿಗೆ ಎಷ್ಟೋ ಸಲ ಸುಟ್ಟು ಹೋಗುತ್ತೆ. ಆಸಿಡ್ ಹಾಕಿ ತೊಳೆಯುವ ಬುದ್ಧಿವಂತಿಕೆ ಬೇಡ. ಮಸಿ ಜೊತೆ ಲೇಪವೂ ಹೋಗುತ್ತೆ.

ಇನ್ನು ಹೊಗೆ ಲೀಕು. ಕ್ಯಾಟಿಗಿಂತ ಇದು ಹೆಚ್ಚು ಗಾಡಿಗಳಲ್ಲಿದೆ, ಇದರ ಬಗ್ಗೆ ಮಾತು ಮಾತ್ರ ಕಡಿಮೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಇಂಜಿನ್ ಪಕ್ಕ ಟಿಕ್ ಟಿಕ್ ಸದ್ದು, ಬಿಸಿಯಾದ ಮೇಲೆ ಕಡಿಮೆ ಆಗುತ್ತಾ? ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಅಥವಾ ಸ್ಟಡ್ ಹೋಗಿದೆ. ಲೋಹ ಬಿಸಿಗೆ ಹಿಗ್ಗಿ ಬಿರುಕು ಮುಚ್ಚಿಕೊಳ್ಳೋದರಿಂದ ಸದ್ದು ನಿಂತಿದೆ ಅಷ್ಟೇ, ದೋಷ ಹೋಗಿಲ್ಲ. ಜಾಯಿಂಟಿನ ಸುತ್ತ ಕಪ್ಪು ಮಸಿಯ ಗೆರೆ ಕಂಡರೆ ಅಲ್ಲಿಂದಲೇ ಹೊಗೆ ನುಗ್ಗುತ್ತಿದೆ. ಟರ್ಬೋಗಿಂತ ಮುಂಚೆ ಲೀಕ್ ಇದ್ದರೆ ಟರ್ಬೋ ತಿರುಗಿಸೋ ಒತ್ತಡ ಸೋರಿ ಎಳೆತ ಕಡಿಮೆ ಆಗುತ್ತೆ. ಇಂಥ ಗಾಡಿಯಲ್ಲೂ ಕ್ಯಾಟನ್ನೇ ಬೈಯುವವರಿದ್ದಾರೆ.

ಹುಡುಕೋದು ಸುಲಭ. ಇಂಜಿನ್ ತಣ್ಣಗಿರುವಾಗ ಬಯಲಲ್ಲಿ ಸ್ಟಾರ್ಟ್ ಮಾಡಿ, ಜಾಯಿಂಟುಗಳಿಗೆ ಸೋಪಿನ ನೀರು ಬಿಡಿ, ಗುಳ್ಳೆ ಎದ್ದರೆ ಲೀಕು. ಇನ್ನೊಬ್ಬರು ದಪ್ಪ ಒದ್ದೆ ಬಟ್ಟೆಯಲ್ಲಿ ಸೈಲೆನ್ಸರ್ ಬಾಯಿಯನ್ನ ಎರಡು ಮೂರು ಸೆಕೆಂಡ್ ಅದುಮಿದರೆ ಎಲ್ಲಿ ಸೋರುತ್ತೋ ಅಲ್ಲಿ ಬುಸ್ ಅನ್ನುತ್ತೆ. ಶೆಡ್ಡಿನ ಬಾಗಿಲು ಮುಚ್ಚಿಕೊಂಡು ಮಾತ್ರ ಇದನ್ನ ಮಾಡಬೇಡಿ.

ಸರಿ ಮಾಡೋದರಲ್ಲೂ ನಾವು ಕಳ್ಳ ದಾರಿಯನ್ನೇ ಹಿಡಿದಿದ್ದೇವೆ. ಲೋಡಿನಲ್ಲಿರುವ ಡೀಸೆಲ್ ಇಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ ಹೊಗೆಯ ಬಿಸಿ 500 ಡಿಗ್ರಿ ದಾಟುತ್ತೆ. ಅಲ್ಲಿಗೆ ಎಂ-ಸೀಲ್ ಮೆತ್ತಿ, ಡಬ್ಬದ ತಗಡು ಸುತ್ತಿ ತಂತಿ ಬಿಗಿದರೆ ಎಷ್ಟು ದಿನ ಬಾಳುತ್ತೆ? ಹೊಸ ಗ್ಯಾಸ್ಕೆಟ್ ಹಾಕುವ ಮುಂಚೆ ಮ್ಯಾನಿಫೋಲ್ಡಿನ ಮುಖ ಸಮ ಇದೆಯಾ ಅಂತ ನೇರ ಪಟ್ಟಿ ಇಟ್ಟು ನೋಡಿ. ಸೊಟ್ಟಗಾಗಿದ್ದರೆ ಫೇಸಿಂಗ್ ಮಾಡಿಸಿ. ಇಲ್ಲದಿದ್ದರೆ ಹೊಸ ಗ್ಯಾಸ್ಕೆಟ್ಟೂ ಸುಡುತ್ತೆ. ತುಂಡಾದ ಸ್ಟಡ್ ಬಿಟ್ಟು ಉಳಿದವನ್ನೇ ಬಿಗಿದು ಕಳಿಸುವ ಕೆಲಸ ಒಪ್ಪಬೇಡಿ. ಜಾಲರಿ ಪೈಪು ಪದೇ ಪದೇ ಸೀಳುತ್ತಿದ್ದರೆ ತಪ್ಪು ಪೈಪಿನದಲ್ಲ. ಇಂಜಿನ್ ಮೌಂಟಿಂಗ್ ಅಥವಾ ಸೈಲೆನ್ಸರ್ ನೇತಾಡುವ ರಬ್ಬರ್ ಹೋಗಿರುತ್ತೆ. ಇಂಜಿನ್ ಕುಣಿದರೆ ಪೈಪು ಸೀಳದೆ ಇನ್ನೇನು ಮಾಡುತ್ತೆ? ಗಾಡಿ ಮೇಲೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ತಂತಿ ಬಿಚ್ಚಿಸಿ. ಹಂಗೇ ಮಾಡಿದರೆ ಇ.ಸಿ.ಯು. ಸುಡಬಹುದು.

ಇದನ್ನೆಲ್ಲ ಇಷ್ಟು ಉದ್ದ ಯಾಕೆ ಹೇಳಬೇಕು? ಆ ಹೊಗೆ ಯಾರ ಎದೆಗೆ ಹೋಗುತ್ತೆ ನೋಡಿ. ಬೆಳಿಗ್ಗೆ ತೋಟದ ಕೆಲಸಕ್ಕೆ, ದ್ರಾಕ್ಷಿ ಕೊಯ್ಲಿಗೆ, ತರಕಾರಿ ಬಿಡಿಸೋಕೆ ಕೂಲಿ ಹೆಂಗಸರನ್ನ ತುಂಬಿಕೊಂಡು ಹೋಗೋದು ಇದೇ ಪಿಕಪ್ಪುಗಳಲ್ಲಿ. ಸರಕಿನ ಗಾಡಿಯಲ್ಲಿ ಜನ ಕೂರಿಸಬಾರದು ಅಂತ ಕಾನೂನಿದೆ, ಕೂರಿಸುತ್ತೇವೆ ಅನ್ನೋದೂ ಎಲ್ಲರಿಗೂ ಗೊತ್ತು. ಅವರು ಕೂರುವ ಹಲಗೆಯ ಕೆಳಗೇ ಸೋರುವ ಪೈಪು. ಸೂಲಿಬೆಲೆ ಮೇಲೆ ಹಾದು ಹೋಗುವ ಹೊಸಕೋಟೆ–ದೇವನಹಳ್ಳಿ–ದಾಬಸ್‌ಪೇಟೆ ಹೆದ್ದಾರಿ ಬದಿಯಲ್ಲಿ ರಾತ್ರಿ ಗ್ಲಾಸ್ ಏರಿಸಿ, ಇಂಜಿನ್ ಆನ್ ಇಟ್ಟು ಮಲಗುವ ಡ್ರೈವರು, ಕ್ಲೀನರುಗಳ ಗತಿಯೂ ಅಷ್ಟೇ. ಗೇರ್ ಲಿವರ್ ಬುಡದ ರಬ್ಬರ್ ಹರಿದಿದ್ದರೆ ಹೊಗೆಗೆ ಬಾಗಿಲು ತೆರೆದಿಟ್ಟ ಹಾಗೆ.

ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನ ಹಿಡಿದುಕೊಳ್ಳುತ್ತೆ. ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತೆ. ನಾವು ‘ಬಿಸಿಲಿಗೆ ಪಿತ್ತ ಕೆರಳಿದೆ’ ಅಂದುಕೊಂಡು ನಿಂಬೆಹಣ್ಣು ಮೂಸುತ್ತೇವೆ. ಡೀಸೆಲ್‌ಗಿಂತ ಪೆಟ್ರೋಲ್ ಗಾಡಿಗಳಲ್ಲಿ ಈ ಅನಿಲ ಜಾಸ್ತಿ. ಹಾಗಂತ ಡೀಸೆಲ್ ಹೊಗೆ ಸಾಧು ಅಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಡೀಸೆಲ್ ಇಂಜಿನ್ ಹೊಗೆಯನ್ನ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ.

ಬೆಂಕಿಯ ಮಾತೂ ಇದೆ. ಸುಗ್ಗಿಯಲ್ಲಿ ಹುರುಳಿ, ರಾಗಿ ತೆನೆ ರಸ್ತೆಗೆ ಹಾಸೋದು ನಮ್ಮ ಕಡೆ ಮಾಮೂಲು. ಅದರ ಮೇಲೆ ಹೋದ ಗಾಡಿಯ ತಳಕ್ಕೆ ಒಣ ಸೊಪ್ಪು ಸುತ್ತಿಕೊಂಡು ಹೊತ್ತಿ ಉರಿದ ಸುದ್ದಿ ಹಳೆ ಮೈಸೂರು ಸೀಮೆಯಲ್ಲಿ ಆಗಾಗ ಬರುತ್ತೆ. ಲೀಕ್ ಇರುವ ಪೈಪಿನಿಂದ ಬಿಸಿ ಹೊಗೆ ನೇರ ಆ ಸೊಪ್ಪಿನ ಮೇಲೇ ನುಗ್ಗಿದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಹಳ್ಳಿ ಬುದ್ಧಿವಂತಿಕೆ ಯೂರಿಯಾದ್ದು. ಬಿ.ಎಸ್.4 ಕಾಲದಿಂದ ಈಚಿನ ಎಷ್ಟೋ ದೊಡ್ಡ ಲಾರಿಗಳಿಗೆ ಆಡ್‌ಬ್ಲೂ ದ್ರವ ಹಾಕಬೇಕು. ಅದು ಶುದ್ಧ ಯೂರಿಯಾ 32.5 ಪಾಲು, ಉಳಿದದ್ದು ಖನಿಜ ತೆಗೆದ ನೀರು. “ನಮ್ಮನೇಲೂ ಯೂರಿಯಾ ಐತಲ್ಲ” ಅಂತ ಗೊಬ್ಬರದ ಚೀಲ ಬಿಚ್ಚಿ ಬೋರ್ ನೀರಿಗೆ ಕದಡಿದರೆ ಆ ವ್ಯವಸ್ಥೆ ಮುಗೀತು. ರೈತರಿಗೆ ಸಬ್ಸಿಡಿಯಲ್ಲಿ ಸಿಗೋದು ಬೇವು ಲೇಪಿತ ಯೂರಿಯಾ. ಬೇವಿನೆಣ್ಣೆ, ನೀರಿನ ಸುಣ್ಣ, ಲವಣ ಎಲ್ಲ ಸೇರಿ ನಾಜಲ್ಲು, ಕ್ಯಾಟು ಎರಡನ್ನೂ ಹಾಳು ಮಾಡುತ್ತೆ. ಹೊಲದ ಗೊಬ್ಬರ ಲಾರಿಗೆ ಸುರಿಯೋದು ಕಾನೂನಿಗೂ ವಿರುದ್ಧ, ಪಕ್ಕದ ರೈತನಿಗೂ ಅನ್ಯಾಯ.

“ಎಮಿಷನ್ ಟೆಸ್ಟ್ ಇದೆಯಲ್ಲ, ಅಲ್ಲೇ ಸಿಕ್ಕಿಬೀಳಲ್ವಾ?” ಇಲ್ಲ ಸ್ವಾಮಿ, ಇಲ್ಲೇ ಇರೋದು ದೊಡ್ಡ ತೂತು. ಡೀಸೆಲ್ ಗಾಡಿಗೆ ನಡೆಯೋದು ಹೊಗೆ ಎಷ್ಟು ಕಪ್ಪು ಅನ್ನೋ ಪರೀಕ್ಷೆ ಮಾತ್ರ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಬರುವ ಹೊಗೆ ಬಿ.ಎಸ್.4ಕ್ಕಿಂತ ಹಿಂದಿನ ಗಾಡಿಗೆ 65 ಎಚ್.ಎಸ್.ಯು., ಬಿ.ಎಸ್.4 ಗಾಡಿಗೆ 50 ದಾಟಬಾರದು. ಕ್ಯಾಟ್ ಸುಡುವ ಕಾರ್ಬನ್ ಮಾನಾಕ್ಸೈಡನ್ನ ಆ ಮೀಟರ್ ಅಳೆಯೋದೇ ಇಲ್ಲ. ಕ್ಯಾಟ್ ಇರಲಿ, ಖಾಲಿ ಪೈಪ್ ಇರಲಿ, ಚೀಟಿ ಸಿಗುತ್ತೆ. ಆಕ್ಸಿಲರೇಟರ್ ಅರ್ಧ ಒತ್ತಿದರೆ ಹೊಗೆಯೂ ಅರ್ಧ. ನಡುದಾರಿಯಲ್ಲಿ ಲೀಕ್ ಇದ್ದರೆ ಒಂದಷ್ಟು ಹೊಗೆ ಮೀಟರ್ ತಲುಪುವ ಮುಂಚೆಯೇ ಹೊರಗೆ. ಕೆಟ್ಟ ಗಾಡಿಗೆ ಒಳ್ಳೆ ಚೀಟಿ!

ಕಾನೂನು ಮಾತ್ರ ಹುಲಿಯಂತಿದೆ. ಮೋಟಾರು ವಾಹನ ಕಾಯ್ದೆಯ 190(2) ಪ್ರಕಾರ ಮಾಲಿನ್ಯದ ತಪ್ಪಿಗೆ 10,000 ರೂಪಾಯಿವರೆಗೆ ದಂಡ, 3 ತಿಂಗಳವರೆಗೆ ಜೈಲು. ಕಂಪನಿ ಕೊಟ್ಟ ರೂಪವನ್ನ ಅನುಮತಿ ಇಲ್ಲದೆ ಬದಲಾಯಿಸಿದ ಮಾಲೀಕನಿಗೆ 182ಎ(4) ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಗಮನಿಸಿ, ಆ ಕಲಂ ಹಿಡಿಯೋದು ಮಾಲೀಕನನ್ನ. ಸಲಹೆ ಕೊಟ್ಟವರು ಆಮೇಲೆ ಜೊತೆಗೆ ನಿಲ್ಲೋದಿಲ್ಲ.

ಕಿತ್ತ ಡಬ್ಬಿ ಎಲ್ಲಿಗೆ ಹೋಯಿತು ಅಂತ ಯಾವತ್ತಾದರೂ ಕೇಳಿದ್ದೀರಾ? ಅದರೊಳಗಿನ ಲೋಹಕ್ಕೆ ಬೆಲೆ ಇದೆ. ಗುಜರಾತ್, ಮಹಾರಾಷ್ಟ್ರ, ದೆಹಲಿ ಕಡೆ ಮಾರುತಿ ಈಕೋ ಗಾಡಿಗಳ ಸೈಲೆನ್ಸರ್ ಕದಿಯುವ ಗುಂಪುಗಳೇ ಸಿಕ್ಕಿಬಿದ್ದಿವೆ, ಅದೂ ಈ ಪುಡಿಗಾಗಿ. ಅಲ್ಲಿ ಕಳ್ಳರು ರಾತ್ರಿ ಬಂದು ಬಿಚ್ಚಬೇಕು. ಇಲ್ಲಿ ನಾವೇ ಹಗಲಲ್ಲಿ ಗಾಡಿ ನಿಲ್ಲಿಸಿ, ಬಿಚ್ಚಿದ ಕೂಲಿಯನ್ನೂ ಕೊಟ್ಟು, ಡಬ್ಬಿ ಬಿಟ್ಟು ಬರುತ್ತೇವೆ.

ಎಲ್ಲ ಮೇಸ್ತ್ರಿಗಳೂ ಹೀಗಲ್ಲ. ಸದ್ದು ಕೇಳಿಯೇ ಯಾವ ಸಿಲಿಂಡರ್ ಅಂತ ಹೇಳುವವರು ನಮ್ಮಲ್ಲಿದ್ದಾರೆ. ಅವರಿಗೆ ಕಲಿಸುವವರಿಲ್ಲ. ವೋಲ್ವೊ ಲಾರಿ ಕಾರ್ಖಾನೆ ನಮ್ಮ ಹೊಸಕೋಟೆ ತಾಲ್ಲೂಕಿನಲ್ಲೇ ಇದೆ, ಆದರೆ ಒಂದು ಬ್ಯಾಕ್ ಪ್ರೆಶರ್ ಗೇಜ್ ಹಳ್ಳಿ ಗ್ಯಾರೇಜಿನ ಗೋಡೆಗೆ ನೇತಾಡುವ ಕಾಲ ಇನ್ನೂ ಬಂದಿಲ್ಲ. ಮಾಲೀಕರ ಕಷ್ಟವೂ ಸುಳ್ಳಲ್ಲ. ಕಂತು, ಇನ್ಶೂರೆನ್ಸ್, ಎಫ್.ಸಿ., ಟೈರು, ಇದರ ಮಧ್ಯೆ ಕಂಪನಿ ಕ್ಯಾಟಿನ ಬೆಲೆ ಕೇಳಿದರೆ ಎದೆ ಝಲ್ ಅನ್ನುತ್ತೆ. ಅದಕ್ಕೇ ಹೇಳ್ತಿರೋದು, ಗ್ಯಾಸ್ಕೆಟ್, ಫಿಲ್ಟರ್, ಹೋಸಿನ ಹಂತದಲ್ಲೇ ಹಿಡಿಯಿರಿ, ಕ್ಯಾಟ್ ಬದಲಾಯಿಸುವ ದಿನವೇ ಬರದಿರಲಿ.

ಆರ್.ಟಿ.ಒ. ಕೇಳಿಸಿಕೊಳ್ಳಲಿ: ಎಫ್.ಸಿ. ಮಾಡುವಾಗ ಗಾಡಿಯ ಕೆಳಗೆ ಬಗ್ಗಿ ಕ್ಯಾಟ್ ಇದೆಯಾ ಅಂತ ನೋಡಿ, ಪೈಪಿನ ಲೀಕ್ ನೋಡಿ, ಬರೆದು ಸಹಿ ಹಾಕಿ. ಐ.ಟಿ.ಐ.ಗಳು ದುಡಿಯುವ ಮೇಸ್ತ್ರಿಗಳಿಗೆ ವಾರದ ರಜೆಯಲ್ಲಿ ಈ ಪಾಠ ಮಾಡಲಿ. ಮಾಲೀಕರು ಕಟರ್ ಹಚ್ಚುವ ಮುಂಚೆ ಮೂರು ಪ್ರಶ್ನೆ ಕೇಳಲಿ. ಕಟ್ಟಿದೆ ಅಂತ ಹೇಗೆ ಗೊತ್ತಾಯಿತು? ಕಟ್ಟಿದ್ದು ಯಾವುದರಿಂದ? ಹಳೆ ಡಬ್ಬಿ ನನ್ನ ಕೈಗೆ ಕೊಡುತ್ತೀರಾ?

ಮೂರಕ್ಕೂ ನೇರ ಉತ್ತರ ಸಿಕ್ಕರೆ ಅವರೇ ಮೇಸ್ತ್ರಿ, ಗಾಡಿ ಅಲ್ಲೇ ಬಿಡಿ. ಉತ್ತರದ ಬದಲು ಕಟರ್ ಹೊತ್ತಿಸಿದರೆ ಕೀ ಇಸ್ಕೊಂಡು ಬನ್ನಿ.