ಚಾವಣಿಯ ಹಸಿರು, ನೆಲದ ಹಸಿರು

ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್ 2022ರ ನವೆಂಬರ್ 11ರಂದು ಪ್ರಧಾನಿ ನರೇಂದ್ರ ಮೋದಿಯವರಿಂದ ಉದ್ಘಾಟನೆಗೊಂಡಿತು. 2,55,000 ಚದರ ಮೀಟರ್ ವಿಸ್ತಾರದ ಈ ಕಟ್ಟಡಕ್ಕೆ ವರ್ಷಕ್ಕೆ 2.5 ಕೋಟಿ ಪ್ರಯಾಣಿಕರನ್ನು ನಿಭಾಯಿಸುವ ಸಾಮರ್ಥ್ಯವಿದೆ. ‘ಉದ್ಯಾನದೊಳಗಿನ ಟರ್ಮಿನಲ್’ ಎಂಬುದು ಅದರ ಬಿರುದು. ಚಾವಣಿಯ ತುಂಬ ಬಿದಿರು, ಮೇಲಿನಿಂದ ತೂಗುವ ಗಿಡಗಳು, ಒಳಗೇ ಧುಮುಕುವ ನೀರು. ಒಳಾಂಗಣದ ಸೊಬಗಿಗೆ 2023ರಲ್ಲಿ ಅಂತರರಾಷ್ಟ್ರೀಯ ಪ್ರಶಸ್ತಿಯೂ ದೊರೆತಿದೆ.

ಕಟ್ಟಡ ಸುಂದರವಾಗಿದೆ ಎಂಬುದರಲ್ಲಿ ತಕರಾರಿಲ್ಲ. ಆದರೆ ಕಣ್ಣಿಗೆ ಕಾಣುವ ಹಸಿರು ಬೇರೆ, ನೆಲವನ್ನು ಉಳಿಸುವ ಹಸಿರು ಬೇರೆ ಎಂಬುದು ಮಲೆನಾಡಿಗರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಹಳ್ಳದ ದಂಡೆಯ ಬಿದಿರುಮೆಳೆ ತನ್ನ ಬೇರಿನಿಂದ ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಚಾವಣಿಯ ಬಿದಿರು ಏನನ್ನೂ ಹಿಡಿಯುವುದಿಲ್ಲ. ಕಾಡಿನ ಗಿಡ ಮಳೆಯನ್ನು ಭೂಮಿಗೆ ಇಳಿಸುತ್ತದೆ. ತೂಗುಬುಟ್ಟಿಯ ಗಿಡಕ್ಕೆ ಮನುಷ್ಯನೇ ನೀರೆರೆಯಬೇಕು. ಆದುದರಿಂದ ಹಸಿರಿನ ಲೆಕ್ಕವನ್ನು ಚಾವಣಿಯಲ್ಲಿ ಅಲ್ಲ, ನೆಲದಲ್ಲಿ ತೆಗೆಯಬೇಕು.

ಆ ನೆಲವಾದರೂ ಎಂತಹುದು? ಚಕ್ಕೋತ, ದ್ರಾಕ್ಷಿ, ರಾಗಿ, ತರಕಾರಿಗಳಿಗೆ ಹೆಸರಾದ ದೇವನಹಳ್ಳಿ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆಂಪುಮಣ್ಣಿನ ಹೊಲ, ಸರಪಣಿಯಂತಿರುವ ಕೆರೆಗಳು ಹಾಗೂ ಬಂಡೆಗಳ ಬಿರುಕಿನಲ್ಲಿ ನಿಂತ ಅಂತರ್ಜಲ, ಇವಿಷ್ಟೇ ಅಲ್ಲಿನ ಜಲಸಂಪತ್ತು. ಸುಮಾರು 4,000 ಎಕರೆಯಲ್ಲಿ ಈ ನಿಲ್ದಾಣ 2008ರ ಮೇ ತಿಂಗಳಲ್ಲಿ ಆರಂಭವಾದ ಮೇಲೆ ಸುತ್ತಮುತ್ತ ಬಡಾವಣೆ, ಹೋಟೆಲು, ಗೋದಾಮುಗಳು ಬೆಳೆದಿವೆ. ಹೊಲಕ್ಕೆ ಕಾಂಕ್ರೀಟು ಹಾಸಿದಲ್ಲಿ ಮಳೆ ಇಂಗುವುದು ನಿಲ್ಲುತ್ತದೆ. ಅದೇ ವೇಳೆ ಬೇಡಿಕೆ ಮಾತ್ರ ಏರುತ್ತದೆ.

ಬಯಲಿನ ಈ ಕಥೆ ಮಲೆನಾಡಿಗೆ ಬಂದು ತಟ್ಟುವುದು ಇಲ್ಲಿಯೇ. ಸಕಲೇಶಪುರದ ಹಳ್ಳಗಳಿಂದ 24 ಟಿಎಂಸಿ ನೀರೆತ್ತುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ದೊರೆಯಿತು. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಮೊದಲಾದ ಕಡೆ ಕುಡಿಯುವ ನೀರೊದಗಿಸಿ ಕೆರೆ ತುಂಬಿಸುವುದು ಅದರ ಘೋಷಿತ ಉದ್ದೇಶ. ಆ ಜನರ ಬಾಯಾರಿಕೆ ಸುಳ್ಳಲ್ಲ, ಅವರ ಮೇಲೆ ಮುನಿಯುವುದು ಸಲ್ಲದು. ಆದರೆ ಒಂದು ಕಡೆ ಕೆರೆಗೆ ನೀರುಣಿಸುವ ಭೂಮಿಯನ್ನು ಮುಚ್ಚುತ್ತ, ಇನ್ನೊಂದು ಕಡೆ ಅದೇ ಸೀಮೆಯ ಕೆರೆಗೆಂದು ಘಟ್ಟ ಸೀಳಿ ನೀರು ತರುವುದು ಯಾವ ವಿವೇಕ?

ಈ ಪ್ರಶ್ನೆಗೆ ಕೃತಿಯಲ್ಲಿ ಉತ್ತರ ಕೊಟ್ಟವರು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು. ವೈಮಾನಿಕ ಉದ್ಯಮಗಳ ಪಾರ್ಕಿಗೆಂದು ತಮ್ಮ ಭೂಮಿಯನ್ನು ಕೊಡಲೊಪ್ಪದೆ ಅವರು ಮೂರು ವರ್ಷಗಳಿಗೂ ಮಿಕ್ಕಿ ಧರಣಿ ಕುಳಿತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು 1,777 ಎಕರೆಯ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿದರು. ಉಳಿದದ್ದು ಅವರ ಬದುಕಷ್ಟೇ ಅಲ್ಲ, ಮಳೆ ಇಂಗುವ ನೆಲವೂ ಹೌದು. ಬಯಲಿನಲ್ಲಿ ಉಳಿದ ಪ್ರತಿಯೊಂದು ಹೊಲವೂ ಘಟ್ಟದ ಹಳ್ಳದ ಮೇಲಿನ ಭಾರವನ್ನು ಅಷ್ಟರಮಟ್ಟಿಗೆ ಇಳಿಸುತ್ತದೆ. ಮಲೆನಾಡಿನ ಚಳವಳಿ ಬಯಲಿನ ರೈತನನ್ನು ಎದುರಾಳಿಯೆಂದು ಬಗೆಯದೆ ಜೊತೆಗಾರನೆಂದು ಕಾಣಬೇಕಾದ ಕಾರಣ ಇದೇ.

ಬೆಂಗಳೂರಿಗೆ ಇನ್ನೊಂದು ವಿಮಾನ ನಿಲ್ದಾಣ ಬೇಕೆಂದು ಕನಕಪುರ ರಸ್ತೆ ಹಾಗೂ ನೆಲಮಂಗಲ-ಕುಣಿಗಲ್ ರಸ್ತೆಯ ಬದಿಯ ಜಾಗಗಳನ್ನು 2025ರಲ್ಲಿ ಪರಿಶೀಲಿಸಲಾಗಿದೆ. ಅಲ್ಲಿಯೂ ಉದ್ಯಾನದ ಚಿತ್ರಗಳೇ ಮೊದಲು ಬಂದಾವು. ಚಿತ್ರಕ್ಕೆ ಮುನ್ನ ಲೆಕ್ಕ ಬರಲಿ: ಎಷ್ಟು ಕೆರೆಗಳ ಜಲಾನಯನ ಮುಚ್ಚುತ್ತದೆ? ಬೇಕಾಗುವ ನೀರು ಎಲ್ಲಿಯದು? ಅದನ್ನು ಕೊಡುವವರನ್ನು ಕೇಳಿದವರಾರು? ವಿದ್ಯಾರ್ಥಿಗಳು ಈ ಲೆಕ್ಕವನ್ನು ಗ್ರಾಮಸಭೆಗಳಲ್ಲಿಯೂ ಅಹವಾಲು ಸಭೆಗಳಲ್ಲಿಯೂ ಕೇಳಲು ಕಲಿಯಬೇಕು. ನಿಲ್ದಾಣಕ್ಕೆ ಹೆಸರಾದ ಕೆಂಪೇಗೌಡ ಊರು ಕಟ್ಟುವಾಗ ಕೆರೆಗಳನ್ನೂ ಕಟ್ಟಿಸಿದ ದೊರೆ. ಅವನ ಹೆಸರನ್ನು ಬಳಸುವವರಿಗೆ ಆ ಕ್ರಮವನ್ನು ಪಾಲಿಸುವ ಹೊಣೆಯೂ ಇದೆ.