ಗಾಳಿಯ ಅಂಚೆಪೆಟ್ಟಿಗೆಯೂ ಕನ್ನಡ ಅಕ್ಷರವೂ

ಮನೆಗೆ ತಂತಿ ಬಂತೆಂದರೆ ಓದುವ ಮೊದಲೇ ಅಳು ಹೊರಡುವ ಕಾಲವೊಂದಿತ್ತು. ಅದನ್ನು ಓದಿ ಹೇಳಲಿಕ್ಕೆ ಇಂಗ್ಲಿಷ್ ಬಲ್ಲವರನ್ನು ಹುಡುಕಿಕೊಂಡು ಹೋಗಬೇಕಾಗುತ್ತಿತ್ತು. ಆ ತಂತಿಯ ಸೇವೆಯು 2013ನೆಯ ಇಸವಿಯ ಜುಲೈ ತಿಂಗಳಲ್ಲಿ ನಿಂತುಹೋಯಿತು. ಆದರೆ ದೂರದ ಸುದ್ದಿಯು ಪರಲಿಪಿಯ ಬಾಗಿಲಿನಿಂದಲೇ ಬರಬೇಕೆಂಬ ರೂಢಿಯು ಇನ್ನೂ ನಿಂತಿಲ್ಲವೆಂಬದನ್ನು ನಮ್ಮ ಹುಡುಗಿಯರೇ ನನಗೆ ತೋರಿಸಿಕೊಟ್ಟರು.

ಹವ್ಯಾಸಿ ರೇಡಿಯೋ ಎಂಬದನ್ನು ವಾಚಕರಲ್ಲಿ ಕೆಲವರಾದರೂ ಕೇಳಿರಬಹುದು. ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಲೈಸೆನ್ಸ್ ಪಡೆದವರು, ಲಾಭದ ಆಶೆಯಿಲ್ಲದೆ, ಮನೆಯಿಂದಲೇ ದೇಶವಿದೇಶದ ಹವ್ಯಾಸಿಗಳೊಡನೆ ಸಂಪರ್ಕ ಬೆಳೆಸುವ ವಿದ್ಯೆಯಿದು. ಹನ್ನೆರಡು ವರುಷ ತುಂಬಿದ ಹುಡುಗಿಯೂ ಪರೀಕ್ಷೆಗೆ ಕೂಡ್ರಬಹುದು. ಬರೀ ಮಾತೇ ಆಗಬೇಕೆಂದಿಲ್ಲ. ಗಣಕಯಂತ್ರವು ಅಕ್ಷರಗಳನ್ನು ನಾದವಾಗಿ ಮಾರ್ಪಡಿಸಿ ರೇಡಿಯೋಕ್ಕೆ ಕೊಡುವದು. ಆಚೆಯ ಗಣಕವು ಆ ನಾದವನ್ನು ತಿರುಗಿ ಅಕ್ಷರ ಮಾಡುವದು. ‘ಪ್ಯಾಕೆಟ್’ ಎಂಬ ಪದ್ಧತಿಯಲ್ಲಿ ಸಂದೇಶವು ತುಂಡುತುಂಡಾಗಿ ಹೋಗಿ, ಪ್ರತಿಯೊಂದು ತುಂಡೂ ಕೆಡದೆ ಬಂದಿತೆಂದು ತಾಳೆಯಾದ ಮೇಲೆ, ಅಂಚೆಪೆಟ್ಟಿಗೆಯಂಥ ನೆಲೆಯೊಂದರಲ್ಲಿ ಕಾದಿರುತ್ತದೆ. ಯಾರ ಹೆಸರಿಗೆ ಬಂದಿದೆಯೋ ಅವರು ಬಿಡುವಾದಾಗ ತೆಗೆದುಕೊಳ್ಳಬಹುದು. 1986ರಲ್ಲಿ ಜಪಾನ್ ದೇಶದವರು ಇಂಥ ಪೆಟ್ಟಿಗೆಯನ್ನು ಉಪಗ್ರಹದಲ್ಲಿಟ್ಟು ಆಕಾಶಕ್ಕೇ ಏರಿಸಿದರು.

“ಇದರಿಂದ ಹೆಣ್ಣುಮಕ್ಕಳು ಗುರುತಿಲ್ಲದವರಿಗೆ ಓಲೆ ಬರೆಯಲು ಕಲಿಯುವದಿಲ್ಲವೇನ್ರಿ, ಬಾಯಿಯವರೇ?” ಎಂದು ಪಾಲಕರೊಬ್ಬರು ಕೇಳಿದರು. ಪ್ರಶ್ನೆಯು ನ್ಯಾಯವಾದದ್ದೇ. ಆದರೆ ಇಲ್ಲಿ ಗುಪ್ತಲಿಪಿಗೆ ನಿಷೇಧವಿದೆ. ಕಳುಹಿಸುವವರು ತಮ್ಮ ಕರೆಸಂಜ್ಞೆಯನ್ನು ಹೇಳಲೇಬೇಕು. ಯಂತ್ರವಿದ್ದವರು ಯಾರಾದರೂ ಓದಬಹುದು. ಹತ್ತು ಜನರೆದುರು ಓದಬಹುದಾದದ್ದನ್ನೇ ಬರೆಯುವ ಅಭ್ಯಾಸವು ಕೈಯೊಳಗಿನ ಮೊಬೈಲಿಗಿಂತ ಎಷ್ಟೋ ಲೇಸೆಂದು ನನ್ನ ಮತ.

ಪರರ ಸಂದೇಶಗಳನ್ನು ಸಾಗಿಸಲಿಕ್ಕೆ ಸಾಮಾನ್ಯ ಕಾಲದಲ್ಲಿ ಅಪ್ಪಣೆಯಿಲ್ಲ, ವಿಪತ್ತಿನಲ್ಲಿ ಉಂಟು. 2004ರ ದಶಂಬರ 26ರಂದು ಸುನಾಮಿಯು ಅಂಡಮಾನವನ್ನು ಬಡಿದಾಗ, ಹವ್ಯಾಸಿ ಕೇಂದ್ರವನ್ನು ನಡೆಸಲು ಆಗಿನ ಪೋರ್ಟ್ ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದರೆಂಬ ಮಹಿಳೆಯು ದ್ವೀಪದ ಸುದ್ದಿಯನ್ನು ಹೊರಗಿನವರಿಗೆ ಮುಟ್ಟಿಸಿದರು. ಅಂಥ ಹೊತ್ತಿನಲ್ಲಿ ಬದುಕುಳಿದವರ ಹೆಸರುಗಳು ಬಾಯಿಮಾತಿನಲ್ಲಿ ಬೇಗ ಕೆಡುತ್ತವೆ. ಬರೆಹದಲ್ಲಿ ಕೆಡುವದು ಕಡಿಮೆ. ಆದರೆ ನಮ್ಮ ಸೀಮೆಯ ಹೆಸರುಗಳು ರೋಮನ್ ಅಕ್ಷರದಲ್ಲಿ ಅವಸರದಿಂದ ಬಂದರೆ, ಕಾಳವ್ವ ಯಾರು, ಕಲ್ಲವ್ವ ಯಾರು? ಬಾಗಿಲಲ್ಲಿ ಕಾದು ನಿಂತ ತಾಯಿಗೆ ಅದು ಸಣ್ಣ ಮಾತಲ್ಲ.

ಆದ್ದರಿಂದ ಒಂದು ಶನಿವಾರ ವಾಚನಾಲಯದಲ್ಲಿ ಎರಡು ಗಣಕಗಳನ್ನಿಟ್ಟು, ಒಂದರ ಧ್ವನಿಪೆಟ್ಟಿಗೆಯೆದುರು ಇನ್ನೊಂದರ ಮೈಕು ಹಿಡಿದೆವು. ರೇಡಿಯೋ ಇಲ್ಲದ್ದರಿಂದ ಲೈಸೆನ್ಸಿನ ಅವಶ್ಯವೂ ಇಲ್ಲ. ಇಂಗ್ಲಂಡದ ಪೀಟರ್ ಮಾರ್ಟಿನೆಝ್ ಎಂಬವರು 1998ರಲ್ಲಿ ಬಳಕೆಗೆ ತಂದ ‘ಪಿಎಸ್‌ಕೆ 31’ ಪದ್ಧತಿಯಿಂದ ‘ಹಂಸಭಾವಿ’ ಎಂದು ಕಳುಹಿಸಿದರೆ, ಆಚೆಗೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಮೂಡಿತು. ಎರಡೂ ಕಡೆಗೆ ಯೂನಿಕೋಡಿನ ಒಂದೇ ವಿಧವನ್ನು ಗೊತ್ತುಮಾಡಿದ ಮೇಲೆ ಅಚ್ಚಕನ್ನಡ ಬಂತು. ಹುಡುಗಿಯರು ಚಪ್ಪಾಳೆ ಹೊಡೆದರು.

ಆದರೆ ಬಹಳ ನಿಧಾನ! ರೋಮನ್ನಿನ ಚಿಕ್ಕ ಅಕ್ಷರಗಳಲ್ಲಿ ಎರಡು ಮೂರು ಸೆಕೆಂಡುಗಳಲ್ಲಿ ಹೋಗುವ ನಮ್ಮೂರ ಹೆಸರಿಗೆ ಕನ್ನಡದಲ್ಲಿ ಎಂಟೊಂಬತ್ತು ಸೆಕೆಂಡುಗಳು ಬೇಕು. ಯಾಕಂದರೆ ಆ ಪದ್ಧತಿಯು ಇಂಗ್ಲಿಷಿನಲ್ಲಿ ಪದೇ ಪದೇ ಬರುವ ಅಕ್ಷರಗಳಿಗೆ ಗಿಡ್ಡ ಸಂಜ್ಞೆಗಳನ್ನು ಕೊಟ್ಟಿದೆ. ‘ಇ’ ಎಂಬ ಅವರ ಅಕ್ಷರಕ್ಕೆ ಎರಡೇ ಬಿಟ್. ಮೋರ್ಸ್ ಸಂಕೇತದಲ್ಲಿ ಅದೇ ಅಕ್ಷರಕ್ಕೆ ಒಂದೇ ಚುಕ್ಕೆ. ನಮ್ಮ ಒಂದೊಂದು ಚಿಹ್ನೆಯಾದರೋ ಮೂರು ಮೂರು ಬೈಟುಗಳಾಗಿ ಒಡೆದು, ಆ ಹೆಸರಿನ ಏಳು ಚಿಹ್ನೆಗಳಿಗೆ ಇಪ್ಪತ್ತೊಂದಾಗುತ್ತವೆ. 2017ರಲ್ಲಿ ಬಂದ ‘ಎಫ್‌ಟಿ 8’ ಎಂಬದರಲ್ಲಿಯಂತೂ ಸ್ವತಂತ್ರ ಬರೆಹಕ್ಕೆ ಒಮ್ಮೆಗೆ 13 ಅಕ್ಷರಗಳಷ್ಟೇ ಸ್ಥಳ, ಕನ್ನಡಕ್ಕೆ ಅದೂ ಇಲ್ಲ.

ಇದಕ್ಕಾಗಿ ಆ ಪದ್ಧತಿಗಳನ್ನು ಕಟ್ಟಿದವರನ್ನು ದೂರುವದು ಸರಿಯಲ್ಲ. ಅವರು ತಮ್ಮ ಭಾಷೆಯನ್ನು ಎಣಿಸಿ ತಮ್ಮ ಕೆಲಸ ಮಾಡಿದರು. ನಮ್ಮದನ್ನು ನಾವು ಎಣಿಸಬೇಕು. ಕನ್ನಡದಲ್ಲಿ ಯಾವ ಚಿಹ್ನೆ ಎಷ್ಟು ಸಲ ಬರುತ್ತದೆಂದು ನೋಡಿ, ಹೆಚ್ಚು ಬರುವದಕ್ಕೆ ಗಿಡ್ಡ ಸಂಜ್ಞೆ ಕೊಡುವ ಕೆಲಸವನ್ನು ಇಂಜಿನಿಯರರೇ ಮಾಡಲೆಂದು ಕಾಯಬೇಕಾಗಿಲ್ಲ. ಹೈಸ್ಕೂಲಿನ ಹುಡುಗಿಯರು ಪ್ರಾರಂಭಿಸಬಹುದು.

ಎಂಟನೆಯ ಇಯತ್ತೆಯವರಿಗೆ ಈ ರಜೆಯಲ್ಲಿ ಕನ್ನಡ ಪಾಠಪುಸ್ತಕದ ಹತ್ತು ಪುಟಗಳನ್ನು ಎಣಿಸಲು ಹೇಳಿದ್ದೇನೆ. “ಬಾಯಿಯವರೇ, ಒತ್ತಕ್ಷರ ಬಂದರೆ ಒಂದೋ ಎರಡೋ?” ಎಂದು ಮೊದಲ ದಿನವೇ ಕೇಳಿದರು. ನಡುವೆ ಅಕ್ಷರವನ್ನು ಅರ್ಧಮಾಡುವ ಚಿಹ್ನೆಯನ್ನೂ ಗಣಕವು ಬೇರೆಯಾಗಿ ಹಿಡಿಯುವದರಿಂದ ಮೂರು ಎಂದೆನು. ಅವರು ನಂಬಲಿಲ್ಲ; ಗಣಕವನ್ನೇ ಕೇಳಲಿಕ್ಕೆ ವಾಚನಾಲಯದ ಕಡೆಗೆ ಓಡಿದರು.