ಜೋರು ಬೇಡ, ಸ್ಪಷ್ಟವಾಗಿರಲಿ

ನಿಮ್ಮ ಮನೆಯ ಅಟ್ಟದ ಮೇಲೆ ಕೆಟ್ಟುಹೋದ ರೇಡಿಯೊ ಅಥವಾ ಟೇಪ್ ರೆಕಾರ್ಡರ್ ಇದೆಯೇ? ಗುಜರಿಗೆ ಹಾಕುವ ಮುನ್ನ ಒಂದು ಮಾತು ಕೇಳಿ. ರೇಡಿಯೊ ಕೆಟ್ಟಿದ್ದರೂ ಅದರೊಳಗಿನ ಸ್ಪೀಕರ್ ಅನೇಕ ಸಲ ಚೆನ್ನಾಗಿಯೇ ಇರುತ್ತದೆ. ಅದನ್ನು ಬಳಸಿ ಕಡಿಮೆ ಖರ್ಚಿನಲ್ಲಿ ನೀವೇ ಒಂದು ಸ್ಪೀಕರ್ ಪೆಟ್ಟಿಗೆ ಮಾಡಿಕೊಳ್ಳಬಹುದು.

"ಪೇಟೆಯಲ್ಲಿ ಸಿದ್ಧ ಸ್ಪೀಕರ್ ಸಿಗುತ್ತದಲ್ಲ, ಇಷ್ಟೆಲ್ಲ ಏಕೆ?" ಎಂದು ನೀವು ಕೇಳಬಹುದು. ಕೊಂಡ ಸ್ಪೀಕರ್ ಹಾಡುತ್ತದೆ, ಕೆಟ್ಟರೆ ಮೂಲೆ ಸೇರುತ್ತದೆ. ನೀವೇ ಮಾಡಿದ್ದು ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂದು ನಿಮಗೆ ಗೊತ್ತಾಗುತ್ತದೆ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಗುಡವಿಯನ್ನೇ ನೋಡಿ. ಹಕ್ಕಿಧಾಮಕ್ಕೆ ಹೆಸರಾದ ಊರು. ಸೊರಬ ಪೇಟೆಗೆ ಸುಮಾರು 15 ಕಿ.ಮೀ. ದೂರ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. ಇಂಥ ಕಡೆ ಸೆಲ್ಲಿನಿಂದ ನಡೆಯುವ, ನಾವೇ ಸರಿಪಡಿಸಿಕೊಳ್ಳಬಲ್ಲ ಸಾಧನಕ್ಕೆ ಬೆಲೆ ಹೆಚ್ಚು.

ನಮ್ಮ ನಾಡಿನಲ್ಲಿ ರೇಡಿಯೊ ಶುರುವಾದದ್ದೇ ಒಂದು ಮನೆಯಲ್ಲಿ. 1935ರಲ್ಲಿ ಮೈಸೂರಿನ ಡಾ. ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲಿ ಪುಟ್ಟ ಪ್ರಸಾರ ಕೇಂದ್ರ ಆರಂಭಿಸಿದರು. 'ಆಕಾಶವಾಣಿ' ಎಂಬುದು ಆ ಕೇಂದ್ರದ ಹೆಸರು. ಮುಂದೆ ಇಡೀ ದೇಶದ ರೇಡಿಯೊಗೆ ಅದೇ ಹೆಸರಾಯಿತು. ಅವರು ಎಂಜಿನಿಯರ್ ಆಗಿರಲಿಲ್ಲ, ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು! ಈಗ ಪ್ರಸಾರ ಮಾಡಲು ಸರ್ಕಾರದ ಪರವಾನಗಿ ಬೇಕು. ಕೇಳುವ ಸಾಧನ ಮಾಡಿಕೊಳ್ಳಲು ಮನೆಯ ಹಿರಿಯರ ಒಪ್ಪಿಗೆ ಸಾಕು.

ಮೊದಲು ಸ್ಪೀಕರನ್ನು ಪರಿಚಯ ಮಾಡಿಕೊಳ್ಳೋಣ. ಅದರ ಹಿಂಭಾಗದಲ್ಲಿ ಒಂದು ಅಯಸ್ಕಾಂತವಿದೆ. ಅದರ ನಡುವೆ ತೆಳು ತಂತಿಯ ಸುರುಳಿ ಇದೆ. ಸುರುಳಿಗೆ ಕಾಗದದ ಶಂಕು ಅಂಟಿಕೊಂಡಿದೆ. ಒಂದು ಪೆನ್ಸಿಲ್ ಸೆಲ್ಲಿನ ಎರಡು ತುದಿಗಳಿಂದ ಸ್ಪೀಕರಿನ ಎರಡು ಕೊಂಡಿಗಳಿಗೆ ತಂತಿ ತಾಗಿಸಿ, ಕೂಡಲೇ ತೆಗೆಯಿರಿ. 'ಟಕ್' ಎಂಬ ಸದ್ದಿನೊಡನೆ ಶಂಕು ಮುಂದೆ ಅಥವಾ ಹಿಂದೆ ಸರಿಯುತ್ತದೆ. ಸೆಲ್ಲನ್ನು ತಿರುಗಿಸಿ ತಾಗಿಸಿದರೆ ವಿರುದ್ಧ ದಿಕ್ಕಿಗೆ ಸರಿಯುತ್ತದೆ. ಹಾಡು ಬರುವಾಗ ಶಂಕು ಹೀಗೆಯೇ ಸೆಕೆಂಡಿಗೆ ನೂರಾರು, ಸಾವಿರಾರು ಸಲ ಹಿಂದೆ ಮುಂದೆ ಓಡಾಡುತ್ತದೆ. ಗಾಳಿ ನಡುಗುತ್ತದೆ. ಆ ನಡುಕವೇ ಸದ್ದು.

ಈಗ ಬೇಕಾದದ್ದು ಒಂದು ಪುಟ್ಟ ಆಂಪ್ಲಿಫೈಯರ್ ಹಲಗೆ. 5 ವೋಲ್ಟಿನಲ್ಲಿ ನಡೆಯುವ, 3 ವ್ಯಾಟಿನ ಹಲಗೆ ನೂರು ರೂಪಾಯಿಯೊಳಗೆ ಸಿಗುತ್ತದೆ. ಮೂರು ಪೆನ್ಸಿಲ್ ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ ಬರುವ 4.5 ವೋಲ್ಟ್ ಇದಕ್ಕೆ ಸಾಕು. ಬೆಸುಗೆ ಹಾಕುವ ಕೆಲಸವನ್ನು ರಿಪೇರಿ ಬಲ್ಲವರಿಂದ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ. ರೇಡಿಯೊ ಅಥವಾ ಮೊಬೈಲಿನ ಇಯರ್‌ಫೋನ್ ತೂತಿನಿಂದ ಇದಕ್ಕೆ ತಂತಿ ಕೊಡಿ.

ಬರಿಯ ಸ್ಪೀಕರನ್ನು ಕೈಯಲ್ಲಿ ಹಿಡಿದು ಕೇಳಿದರೆ ಸದ್ದು ತಗಡಿನಂತೆ ಚರಚರ ಎನ್ನುತ್ತದೆ. ನಿರಾಶರಾಗಬೇಡಿ. ಒಂದು ದೊಡ್ಡ ರಟ್ಟಿನಲ್ಲಿ ಶಂಕುವಿನ ಅಳತೆಗೆ ದುಂಡನೆಯ ತೂತು ಕೊರೆದು, ಸ್ಪೀಕರನ್ನು ಅದಕ್ಕೆ ಒತ್ತಿ ಹಿಡಿಯಿರಿ. ಅದೇ ಸ್ಪೀಕರ್, ಅದೇ ಸೆಲ್ಲು. ಆದರೆ ಧ್ವನಿ ತುಂಬಿಕೊಂಡು ಬರುತ್ತದೆ! ಏಕೆ? ಶಂಕು ಮುಂದೆ ಸರಿದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಹಿಂದಿನ ಗಾಳಿ ಸಡಿಲವಾಗುತ್ತದೆ. ಅಡ್ಡ ಏನೂ ಇಲ್ಲದಿದ್ದರೆ ಮುಂದಿನ ಗಾಳಿ ಅಂಚನ್ನು ಬಳಸಿ ಹಿಂದಕ್ಕೆ ನುಗ್ಗುತ್ತದೆ. ಎರಡೂ ಸೇರಿ ತಗ್ಗು ಸ್ವರ ಅಳಿಸಿಹೋಗುತ್ತದೆ. ರಟ್ಟು ಆ ದಾರಿಗೆ ಅಡ್ಡ ನಿಲ್ಲುತ್ತದೆ. ಪೆಟ್ಟಿಗೆ ಮಾಡುವ ಕೆಲಸವೂ ಇದೇ.

ಇಲ್ಲಿಂದ ನಿಜವಾದ ಆಟ ಶುರು. ರಟ್ಟಿನ ಬದಲು ಹಲಗೆ ಇಟ್ಟು ನೋಡಿ. ಮಡಕೆಯ ಬಾಯಿಗೆ ಸ್ಪೀಕರ್ ಕೂರಿಸಿ ನೋಡಿ. ಗಾಳಿ ಆಚೀಚೆ ಸೋರದಂತೆ ಕೂರಿಸಿದರೆ ಸದ್ದು ಬೇರೆಯೇ ಆಗುತ್ತದೆ. 'ಗುಂಯ್' ಎಂದರೆ ಒಳಗೆ ಹಳೆಯ ಹತ್ತಿ ಬಟ್ಟೆ ತುರುಕಿ. ಹಾಗೆ ಮಾಡುವಾಗ ತಂಬೂರಿಗೆ ಸೋರೆ ಬುರುಡೆ ಏಕೆ, ಡೊಳ್ಳಿಗೆ ಟೊಳ್ಳಾದ ಮರದ ಗೂಡು ಏಕೆ ಎಂದೂ ಯೋಚಿಸಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸದ್ದಿನ ಗುಂಡಿಯನ್ನು ಮುಟ್ಟಬೇಡಿ. ಕೇಳುವವರು ಕಣ್ಣು ಮುಚ್ಚಿರಲಿ, ಇನ್ನೊಬ್ಬರು ಪೆಟ್ಟಿಗೆ ಬದಲಿಸಲಿ. ಯಾವುದು ಒಳ್ಳೆಯದೆಂದು ಮೊದಲೇ ಗೊತ್ತಿದ್ದರೆ ಕಿವಿಯೂ ಮೋಸ ಹೋಗುತ್ತದೆ. ಗೆಳತಿಯೊಬ್ಬಳು ಸರ, ಶರ, ತಳ, ದಳ, ಬಲ, ಫಲ ಮುಂತಾದ ಹತ್ತು ಪದಗಳನ್ನು ಬೆರೆಸಿ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಲಿ. ಪ್ರತಿ ಪೆಟ್ಟಿಗೆಯಲ್ಲೂ ಅದನ್ನು ಕೇಳಿಸಿ. ಪ್ರತಿ ಸಲ ಪದಗಳ ಕ್ರಮ ಬದಲಾಗಿರಲಿ. ಎಷ್ಟು ಪದ ಸರಿಯಾಗಿ ಕೇಳಿಸಿತು ಎಂದು ಬರೆದಿಡಿ. ಹೆಚ್ಚು ಅಂಕ ಪಡೆದ ಪೆಟ್ಟಿಗೆ ಗೆದ್ದಿತು.

ಸದ್ದು ಎಷ್ಟು ಜೋರು ಎಂಬುದಕ್ಕೆ ಇಲ್ಲಿ ಅಂಕವಿಲ್ಲ, ಗಮನಿಸಿದಿರಾ? ನನ್ನ ಅಭಿಪ್ರಾಯದಲ್ಲಿ ಜೋರು ಸದ್ದಿನ ಹಿಂದೆ ಹೋಗುವುದು ಹಣ ಹಾಳು. ಹತ್ತು ಪಟ್ಟು ಹೆಚ್ಚು ವ್ಯಾಟ್ ಕೊಟ್ಟರೂ ಕಿವಿಗೆ ಸುಮಾರು ಎರಡು ಪಟ್ಟು ಮಾತ್ರ ಜೋರಾಗಿ ಕೇಳುತ್ತದೆ. ಪುಟ್ಟ ಆಂಪ್ಲಿಫೈಯರಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೆ ಅಲೆಗಳ ತುದಿ ಕತ್ತರಿಸಿಹೋಗಿ ಧ್ವನಿ ಒಡೆಯುತ್ತದೆ. ಅದರ ಬದಲು ಎರಡು ಹೆಜ್ಜೆ ಹತ್ತಿರ ಬಂದು ಕೂರಿ. ಖರ್ಚೇ ಇಲ್ಲ!

ಮತ್ತೆ ಗುಡವಿಗೆ ಬರೋಣ. ಮಳೆಗಾಲದಲ್ಲಿ ಅಲ್ಲಿನ ಕೆರೆಗೆ ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಬಂದು ಗೂಡು ಕಟ್ಟುತ್ತವೆ. ಹಕ್ಕಿಗಳಿಗೆ ಕೂಗೇ ಭಾಷೆ. ಮರಿ ಹಸಿವನ್ನು ಹೇಳುವುದು, ದೊಡ್ಡ ಹಕ್ಕಿ ಅಪಾಯವನ್ನು ಸಾರುವುದು ಕೂಗಿನಿಂದಲೇ. ಧ್ವನಿವರ್ಧಕದ ಗದ್ದಲದಲ್ಲಿ ಆ ಮಾತು ಮುಳುಗಿಹೋಗುತ್ತದೆ. ನಮ್ಮ ಕಿವಿಗೂ ಅಪಾಯವೇ. 85 ಡೆಸಿಬೆಲ್ ಮೀರಿದ ಸದ್ದನ್ನು ದಿನವೂ ಗಂಟೆಗಟ್ಟಲೆ ಕೇಳಿದರೆ ಕಿವಿ ಮಂದವಾಗಬಹುದು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ನಿಮ್ಮ ಸ್ಪೀಕರ್ ನಿಮ್ಮ ಕೋಣೆಗೆ ಕೇಳಿದರೆ ಸಾಕು. ಪಕ್ಕದ ಮನೆಯ ಅಜ್ಜಿಗೂ ಕೆರೆಯ ಹಕ್ಕಿಗೂ ಕೇಳಬೇಕಿಲ್ಲ.

"ಮಕ್ಕಳ ಕೈಗೆ ವಿದ್ಯುತ್ ಸಾಮಾನು ಕೊಡುವುದೇ?" ಎಂದು ಹಿರಿಯರು ಹೆದರುವುದು ನ್ಯಾಯವೇ. ಆದ್ದರಿಂದ ಕೆಲವು ನಿಯಮಗಳನ್ನು ಮರೆಯದೆ ಪಾಲಿಸಿ. ಸೆಲ್ಲು ಮಾತ್ರ ಬಳಸಿ. ಗೋಡೆಯ ಪ್ಲಗ್ಗಿನ 230 ವೋಲ್ಟ್ ಪ್ರಾಣ ತೆಗೆಯಬಲ್ಲದು, ಅದರ ಹತ್ತಿರ ಹೋಗಬೇಡಿ. ಹಳೆಯ ಟಿ.ವಿ.ಯನ್ನು ಬಿಚ್ಚಲೇಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ವಿದ್ಯುತ್ ಉಳಿದಿರಬಹುದು. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ. ಹಳೆಯ ರೇಡಿಯೊ ಬಿಚ್ಚುವಾಗ ದೊಡ್ಡವರೊಬ್ಬರು ಜೊತೆಗಿರಲಿ.

ಪ್ರತಿ ಶಾಲೆಯಲ್ಲೂ ಹಳೆಯ ಸ್ಪೀಕರು, ತಂತಿ, ರಟ್ಟುಗಳನ್ನು ಕೂಡಿಡುವ ಒಂದು ಡಬ್ಬ ಇರಬೇಕು ಎಂಬುದು ನನ್ನ ಆಸೆ. ಈ ಶನಿವಾರವೇ ನಿಮ್ಮ ವಿಜ್ಞಾನದ ಮೇಷ್ಟ್ರನ್ನೋ ಟೀಚರನ್ನೋ ಕೇಳಿ. ಡಬ್ಬಕ್ಕೆ ಮೊದಲ ಸ್ಪೀಕರ್ ನಿಮ್ಮ ಮನೆಯ ಅಟ್ಟದಿಂದಲೇ ಬರಲಿ.